ಊರು ಬಿಟ್ಟು ಹೋದ ತಂಡ, ಊರಲ್ಲೇ ಉಳಿದ ಹೆಸರು

ಅಯೋವಾದ ಡಿಮೊಯಿನ್ ಊರಿನಿಂದ ಓದುಗರೊಬ್ಬರು ಬರೆದಿದ್ದಾರೆ:

"ನಾವು ಕುಂದಾಪುರದ ಕಡೆಯವರು. ಆರು ವರ್ಷದಿಂದ ಇಲ್ಲಿದ್ದೇವೆ. ಮಗನಿಗೆ ಹದಿನಾರು. ಅವನಿಗೆ ಇಲ್ಲಿನ ಬಾರ್ನ್‌ಸ್ಟಾರ್ಮರ್ಸ್ ತಂಡದ ಹುಚ್ಚು. ಒಳಾಂಗಣದಲ್ಲಿ ಆಡುವ ಅಮೆರಿಕನ್ ಫುಟ್‌ಬಾಲ್ ತಂಡ ಅದು. ಶಾಲೆಯಲ್ಲಿ ಊರಿನ ಒಂದು ಸಂಸ್ಥೆಯ ಇತಿಹಾಸ ಬರೆಯಲು ಹೇಳಿದಾಗ 'ಬಾರ್ನ್‌ಸ್ಟಾರ್ಮರ್ಸ್: 1995ರಿಂದ ಇಂದಿನವರೆಗೆ' ಎಂದು ಬರೆದುಕೊಂಡು ಹೋದ. ಟೀಚರ್ ಕೆಂಪು ಶಾಯಿಯಲ್ಲಿ 'ಹಾಗಾದರೆ 2004ರಲ್ಲಿ ತಂಡ ಎಲ್ಲಿತ್ತು?' ಎಂದು ಕೇಳಿದ್ದಾರೆ. ನನ್ನ ಆಫೀಸಿನ ಹಿರಿಯರೊಬ್ಬರು ಅಸಲಿ ತಂಡ ನ್ಯೂಯಾರ್ಕಿಗೆ ಹೋಗಿ ಅಲ್ಲೇ ಸತ್ತುಹೋಯಿತು, ಈಗಿನದು ಬರೀ ಹೆಸರು ಎನ್ನುತ್ತಾರೆ. ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಯಾರು ಹೇಳುವುದು ಸರಿ? ಇಷ್ಟು ಸಲ ಮುಚ್ಚಿ ತೆರೆದ ತಂಡದ ಸೀಸನ್ ಟಿಕೆಟ್ ತೆಗೆದುಕೊಳ್ಳಬಹುದಾ? ಇನ್ನೊಂದು ಚಿಂತೆ. ದೊಡ್ಡ ಫುಟ್‌ಬಾಲ್ ಆಟಗಾರ ಕರ್ಟ್ ವಾರ್ನರ್ ಮೊದಲು ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದವನು ಈ ತಂಡದಿಂದಲೇ ಮೇಲೆ ಬಂದನಂತೆ. ಅದನ್ನೇ ಹಿಡಿದುಕೊಂಡು ಮಗ ಕಾಲೇಜು ಬೇಡ ಎನ್ನುತ್ತಿದ್ದಾನೆ."

ಮೊದಲು ಮಗನಿಗೆ ಸಮಾಧಾನ ಹೇಳಿ. ಅವನು ತಪ್ಪು ಬರೆದಿಲ್ಲ. ಟೀಚರ್ ಕೇಳಿದ್ದೂ ತಪ್ಪಲ್ಲ. ನಿಮ್ಮ ಆಫೀಸಿನವರದು ಮಾತ್ರ ಅರ್ಧ ಸತ್ಯ. ಅಸಲಿ ತಂಡ ನ್ಯೂಯಾರ್ಕಿಗೆ ಹೋಗಿದ್ದು ನಿಜ. ಉಳಿದದ್ದು "ಬರೀ ಹೆಸರು" ಎನ್ನುವುದು ನಿಜವಲ್ಲ.

ನಾನು ಹಲವು ವರ್ಷ ಅಮೆರಿಕದ ಸಣ್ಣ ಊರುಗಳ ಕ್ರೀಡಾ ತಂಡಗಳ ಲೆಕ್ಕಪತ್ರ, ಕರಾರು ನೋಡುವ ಕೆಲಸ ಮಾಡಿದ್ದೇನೆ. ಅಲ್ಲಿ ಕಲಿತ ಮೊದಲ ಪಾಠ ಇದು: ನಾವು "ತಂಡ" ಅನ್ನುವುದು ಒಂದು ವಸ್ತು ಅಲ್ಲ. ಅದರಲ್ಲಿ ಮೂರು ಇವೆ. ಲೀಗ್‌ನಲ್ಲಿ ಆಡುವ ಹಕ್ಕು, ಅಂದರೆ ಫ್ರಾಂಚೈಸಿ, ಒಂದು. ಹೆಸರು ಮತ್ತು ಲಾಂಛನ ಇನ್ನೊಂದು. ಟಿಕೆಟ್ ಕೊಂಡು ಬಂದು ಕೂರುವ ಊರು ಮೂರನೆಯದು. ದೊಡ್ಡ ಲೀಗ್‌ಗಳಲ್ಲಿ ಈ ಮೂರೂ ಸಾಮಾನ್ಯವಾಗಿ ಒಟ್ಟಿಗೇ ಇರುತ್ತವೆ. ಹಾಗಾಗಿ ನಮಗೆ ಬೇರೆ ಬೇರೆ ಎಂದು ಕಾಣುವುದಿಲ್ಲ. ಒಳಾಂಗಣ ಫುಟ್‌ಬಾಲ್‌ನಲ್ಲಿ ಇವು ಸುಲಭವಾಗಿ ಬಿಡಿ ಬಿಡಿ ಆಗುತ್ತವೆ. ಬಾರ್ನ್‌ಸ್ಟಾರ್ಮರ್ಸ್ ಕಥೆಯಲ್ಲಿ ಆಗಿದ್ದು ಅದೇ.

ಆಟ ಹುಟ್ಟಿದ ಬಗೆಯಿಂದ ಶುರು ಮಾಡೋಣ. ಈ ಆಟಕ್ಕೂ ಅಯೋವಾಕ್ಕೂ ಆರಂಭದಿಂದಲೇ ನಂಟಿದೆ, ಮಗನ ಪ್ರಬಂಧಕ್ಕೆ ಅದು ಬೇಕು.

ಜಿಮ್ ಫಾಸ್ಟರ್ ಅಯೋವಾ ವಿಶ್ವವಿದ್ಯಾಲಯದಲ್ಲಿ ಓದಿದವರು, ಆಗ ಅಮೆರಿಕನ್ ಫುಟ್‌ಬಾಲ್‌ನ ಅತಿ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಪ್ರಚಾರ ವಿಭಾಗದಲ್ಲಿದ್ದರು. 1981ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ (ನಮ್ಮ ಕಡೆ ಫುಟ್‌ಬಾಲ್ ಎನ್ನುವ ಆಟ) ನೋಡುತ್ತಾ ಕೂತಿದ್ದಾಗ, ಅಮೆರಿಕನ್ ಫುಟ್‌ಬಾಲನ್ನೂ ಹೀಗೆ ಒಳಗೆ ತರಬಹುದಲ್ಲ ಎನಿಸಿತು. ಕೈಯಲ್ಲಿದ್ದ ಕಂದು ಲಕೋಟೆಯ ಮೇಲೇ ಮೈದಾನದ ನಕ್ಷೆ ಗೀಚಿದರು. ಐಸ್ ಹಾಕಿ ಆಡುವ ಜಾಗದಷ್ಟೇ ಮೈದಾನ: 50 ಗಜ ಉದ್ದ, 85 ಅಡಿ ಅಗಲ. ಹನ್ನೊಂದು ಜನರ ಬದಲು ಎಂಟು ಜನ. ಪಂಟ್, ಅಂದರೆ ಕೈಯಿಂದ ಬಿಟ್ಟ ಚೆಂಡನ್ನು ದೂರ ಒದೆಯುವುದು, ಹೊಡೆಯುವಂತಿಲ್ಲ. ಗೋಲ್ ಕಂಬಗಳ ಎರಡೂ ಕಡೆ ಬಿಗಿಯಾದ ಬಲೆ. ಬಲೆಗೆ ಬಡಿದ ಚೆಂಡು ಪುಟಿದು ಬಂದರೆ ಆಟ ನಿಲ್ಲುವುದಿಲ್ಲ, ಹಿಡಿದುಕೊಂಡು ಓಡಬಹುದು. ಅಂಚಿನಲ್ಲಿ ಮೆತ್ತೆ ಹೊದಿಸಿದ ಗೋಡೆ. ಆಟಗಾರ ಗೋಡೆಗೆ ಬಡಿದರೆ ಮುಂದಿನ ಸಾಲಿನಲ್ಲಿ ಕೂತವರಿಗೆ ಆ ಸದ್ದು ಎದೆಗೇ ಬಡಿದ ಹಾಗೆ ಕೇಳುತ್ತದೆ. ನಿಮ್ಮ ಮಗನಿಗೆ ಇದನ್ನು ವಿವರಿಸಬೇಕಿಲ್ಲ, ಅಲ್ವಾ?

1986ರಲ್ಲಿ ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿ ಪ್ರಯೋಗದ ಪಂದ್ಯ ನಡೆಯಿತು. 1987ರಲ್ಲಿ ಅರೀನಾ ಫುಟ್‌ಬಾಲ್ ಲೀಗ್, ಅಂದರೆ ಎಎಫ್‌ಎಲ್, ನಾಲ್ಕೇ ತಂಡಗಳೊಂದಿಗೆ ಶುರುವಾಯಿತು. 1990ರಲ್ಲಿ ಫಾಸ್ಟರ್ ಅವರ ಆಟಕ್ಕೆ ಪೇಟೆಂಟ್ ಸಿಕ್ಕಿತು. ಒಂದು ಆಟಕ್ಕೇ ಪೇಟೆಂಟ್! ಬೇರೆ ಒಳಾಂಗಣ ಲೀಗ್‌ಗಳಲ್ಲಿ ಪುಟಿಯುವ ಬಲೆ ಕಾಣದಿರಲು ಮುಖ್ಯ ಕಾರಣ ಅದು. ನಿಮ್ಮ ಮಗ ಈಗ ನೋಡುವ ಆಟದಲ್ಲಿ ಬಲೆ ಇಲ್ಲ, 1990ರ ದಶಕದ ಬಾರ್ನ್‌ಸ್ಟಾರ್ಮರ್ಸ್ ಆಟದಲ್ಲಿ ಇತ್ತು. ಪೇಟೆಂಟ್ ಅವಧಿ 2007ರಲ್ಲಿ ಮುಗಿದರೂ ಈಗಿನ ಲೀಗ್ ಬಲೆ ಹಾಕಿಕೊಳ್ಳಲಿಲ್ಲ.

1995ರಲ್ಲಿ ಫಾಸ್ಟರ್ ಡಿಮೊಯಿನ್‌ನಲ್ಲೇ ಒಂದು ಎಎಫ್‌ಎಲ್ ತಂಡ ಕಟ್ಟಿದರು. ಅದೇ ಅಯೋವಾ ಬಾರ್ನ್‌ಸ್ಟಾರ್ಮರ್ಸ್. 1920ರ ದಶಕದಲ್ಲಿ ಪುಟ್ಟ ವಿಮಾನಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗಿ, ಹೊಲಗಳಲ್ಲಿ ಇಳಿದು ಸಾಹಸ ತೋರಿಸುತ್ತಿದ್ದ ಪೈಲಟ್‌ಗಳನ್ನು ಹಾಗೆ ಕರೆಯುತ್ತಿದ್ದರು. ಅದಕ್ಕೇ ತಂಡದ ಹೆಲ್ಮೆಟ್ ಮೇಲೆ ಪೈಲಟ್‌ಗಳ ಕನ್ನಡಕದ ಚಿತ್ರ. ನಾನು ನೋಡಿದ ಹೆಲ್ಮೆಟ್‌ಗಳಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಆಟ ನಡೆಯುತ್ತಿದ್ದದ್ದು ವೆಟರನ್ಸ್ ಮೆಮೋರಿಯಲ್ ಆಡಿಟೋರಿಯಂನಲ್ಲಿ. ಊರವರ ಬಾಯಲ್ಲಿ ಅದು "ವೆಟ್ಸ್", ತಂಡ ಬಂದ ಮೇಲೆ "ದ ಬಾರ್ನ್". ಕೋಚ್ ಜಾನ್ ಗ್ರೆಗರಿ. ಸುಮಾರು 2 ಲಕ್ಷ ಜನರ ಊರು. ಎನ್‌ಎಫ್‌ಎಲ್ ತಂಡ ಇಲ್ಲ, ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ ತಂಡ ಇಲ್ಲ. ಅಂಥ ಊರಿಗೆ ಇದು "ನಮ್ಮ" ತಂಡವಾಯಿತು.

ಈಗ ಕರ್ಟ್ ವಾರ್ನರ್ ವಿಷಯ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ನಿಜವಾದ ಚಿಂತೆ ಇರುವುದು ಇಲ್ಲೇ ಅನಿಸುತ್ತದೆ.

ಅಂಗಡಿ ಕಥೆ ನಿಜ. 1994ರಲ್ಲಿ ಎನ್‌ಎಫ್‌ಎಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡ ವಾರ್ನರ್‌ನನ್ನು ತರಬೇತಿ ಶಿಬಿರದಿಂದ ವಾಪಸ್ ಕಳಿಸಿತು. ಅವನು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಅಲ್ಲಿ ಅವನ ಜಾಗಕ್ಕೆ ಆಗಲೇ ಬ್ರೆಟ್ ಫಾರ್ವ್, ಮಾರ್ಕ್ ಬ್ರುನೆಲ್, ಟೈ ಡೆಟ್ಮರ್ ಇದ್ದರು. ಜಾಗ ಎಲ್ಲಿ? ವಾರ್ನರ್ ಸೀಡರ್ ಫಾಲ್ಸ್‌ಗೆ ಮರಳಿ, ಹೈ-ವೀ ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿಗೆ ಸೇರಿದ. ಗಂಟೆಗೆ ಐದೂವರೆ ಡಾಲರ್, ಕಪಾಟುಗಳಲ್ಲಿ ಸಾಮಾನು ಜೋಡಿಸುವ ಕೆಲಸ. ಆಮೇಲೆ ಬಾರ್ನ್‌ಸ್ಟಾರ್ಮರ್ಸ್ ಕರೆಯಿತು. 1995ರಲ್ಲಿ 43 ಟಚ್‌ಡೌನ್ ಪಾಸ್ (ಎದುರಾಳಿಯ ಗಡಿ ದಾಟಿಸಿ ಅಂಕ ತರುವ ಎಸೆತ), 1996ರಲ್ಲಿ 61, 1997ರಲ್ಲಿ 79. ಮೂರು ಸೀಸನ್‌ಗೆ 183. 1996ರಲ್ಲಿ ತಂಡ 12 ಪಂದ್ಯ ಗೆದ್ದು ಎರಡರಲ್ಲಿ ಮಾತ್ರ ಸೋತಿತು. ಫೈನಲ್, ಅಂದರೆ ಅರೀನಾಬೌಲ್, ಡಿಮೊಯಿನ್‌ನಲ್ಲೇ ನಡೆಯಿತು. ಟ್ಯಾಂಪಾ ಬೇ ಸ್ಟಾರ್ಮ್ ಎದುರು 42-38ರಲ್ಲಿ ಸೋತರು. ನಾಲ್ಕೇ ಅಂಕ, ಅದೂ ಮನೆಯಂಗಳದಲ್ಲಿ. ಮರುವರ್ಷ ಮತ್ತೆ ಫೈನಲ್, ಈ ಸಲ ಫೀನಿಕ್ಸ್‌ನಲ್ಲಿ. ಅರಿಜೋನಾ ರ‍್ಯಾಟ್ಲರ್ಸ್ 55-33ರಿಂದ ಗೆದ್ದಿತು.

ಆಮೇಲೆ ವಾರ್ನರ್ ಎನ್‌ಎಫ್‌ಎಲ್‌ನ ಸೇಂಟ್ ಲೂಯಿಸ್ ರ‍್ಯಾಮ್ಸ್ ಸೇರಿದ. ಆ ತಂಡದವರು ಅವನನ್ನು 1998ರಲ್ಲಿ ಯುರೋಪಿನ ಲೀಗ್‌ಗೆ, ಆಮ್ಸ್‌ಟರ್‌ಡ್ಯಾಮ್‌ಗೆ ಕಳಿಸಿದರು. 1999ರಲ್ಲಿ ಸೀಸನ್‌ಗೆ ಮುಂಚೆ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮಂಡಿಗೆ ಪೆಟ್ಟಾಗಿ ಹೊರಗೆ ಹೋದ. ವಾರ್ನರ್ ಒಳಗೆ ಬಂದ. ಆ ಸೀಸನ್‌ನಲ್ಲಿ 41 ಟಚ್‌ಡೌನ್ ಪಾಸ್. 2000ದ ಜನವರಿ 30ರಂದು ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ 414 ಗಜ ಎಸೆದು ಟೆನೆಸಿ ಟೈಟನ್ಸ್ ಅನ್ನು 23-16ರಲ್ಲಿ ಸೋಲಿಸಿದರು. 2017ರಲ್ಲಿ ಫುಟ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಸೇರಿದ.

ಇಷ್ಟೆಲ್ಲ ನಿಜ. ಆದರೆ ಈ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ತುಂಡು ಬಿಟ್ಟುಬಿಡುತ್ತಾರೆ. ಕಾಲೇಜು ಬಿಟ್ಟು ಅಂಗಡಿಗೆ ಬಂದವನಲ್ಲ ವಾರ್ನರ್. ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದಲ್ಲಿ ಪೂರ್ತಿ ಓದು ಮುಗಿಸಿದವನು. ಅಲ್ಲೂ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿದ್ದು ಕೊನೆಯ ವರ್ಷ ಮಾತ್ರ. ಅದಕ್ಕೆ ಮುಂಚೆ ವರ್ಷಗಟ್ಟಲೆ ಬೆಂಚ್ ಮೇಲೆ ಕಾದ. ಪ್ಯಾಕರ್ಸ್ ಶಿಬಿರದ ತನಕ ಹೋಗಲು ದಾರಿ ಆದದ್ದು ಆ ಕಾಲೇಜಿನ ಆಟವೇ. ಅಂಗಡಿ ಅವನ ಕಥೆಯ ಶುರು ಅಲ್ಲ, ನಡುವಿನ ಒಂದು ವರ್ಷ. ಮಗನಿಗೆ ಇಷ್ಟನ್ನೇ ಹೇಳಿ. ಉಪದೇಶ ಬೇಡ. ಅವನ ಹೀರೋನ ಕಥೆಯನ್ನು ಪೂರ್ತಿ ಹೇಳಿದರೆ ಸಾಕು. ಇದಕ್ಕೆ ಮತ್ತೆ ಬರುತ್ತೇನೆ.

ಇನ್ನು ಟೀಚರ್ ಪ್ರಶ್ನೆ. ಊರಿನ ಹುಡುಗ ಸೂಪರ್ ಬೌಲ್ ಗೆದ್ದ 2000 ಇಸವಿಯೇ ಬಾರ್ನ್‌ಸ್ಟಾರ್ಮರ್ಸ್ ಡಿಮೊಯಿನ್‌ನಲ್ಲಿ ಎಎಫ್‌ಎಲ್ ಆಡಿದ ಕೊನೆಯ ವರ್ಷವೂ ಆಯಿತು. ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಸಂಕಟವಾಗುತ್ತದೆ. ಫ್ರಾಂಚೈಸಿಯನ್ನು ಚಾರ್ಲ್ಸ್ ವಾಂಗ್ ಕೊಂಡರು. ಆಗ ನ್ಯೂಯಾರ್ಕ್ ಐಲ್ಯಾಂಡರ್ಸ್ ಐಸ್ ಹಾಕಿ ತಂಡದ ಮಾಲೀಕರಲ್ಲಿ ಒಬ್ಬರು ಅವರು. 2001ರಿಂದ ತಂಡ ಲಾಂಗ್ ಐಲ್ಯಾಂಡ್‌ನ ನಸಾವ್ ಕೊಲಿಸಿಯಂನಲ್ಲಿ ನ್ಯೂಯಾರ್ಕ್ ಡ್ರ್ಯಾಗನ್ಸ್ ಎಂಬ ಹೆಸರಲ್ಲಿ ಆಡಿತು. ಕೋಚ್ ಗ್ರೆಗರಿ ಜೊತೆಗೇ ಹೋದರು. ವಾರ್ನರ್ ನಂತರ ಬಂದು ಊರವರ ಮನಸ್ಸು ಗೆದ್ದಿದ್ದ ಕ್ವಾರ್ಟರ್‌ಬ್ಯಾಕ್ ಆರನ್ ಗಾರ್ಸಿಯಾ ಕೂಡ ಹೋದ.

ಡಿಮೊಯಿನ್ ಜನ ಆಟ ನೋಡಲು ಬರುವುದು ಬಿಟ್ಟರು, ಅದಕ್ಕೇ ತಂಡ ಹೋಯಿತು ಎಂದು ಕೆಲವರು ಹೇಳುತ್ತಾರೆ. ಅದು ಊರಿಗೆ ಮಾಡುವ ಅನ್ಯಾಯ. ಆಗ ಲೀಗ್‌ನಲ್ಲಿ ಏನಾಗುತ್ತಿತ್ತು ನೋಡಿ. 1990ರ ದಶಕದ ಕೊನೆಗೆ ಎನ್‌ಎಫ್‌ಎಲ್ ಈ ಆಟದ ಕಡೆ ಕಣ್ಣು ಹಾಕಿತ್ತು. ಎನ್‌ಎಫ್‌ಎಲ್ ಮಾಲೀಕರೇ ಒಳಾಂಗಣ ತಂಡ ಕಟ್ಟತೊಡಗಿದರು. ಜೆರ್ರಿ ಜೋನ್ಸ್ ಅವರ ಡಲ್ಲಾಸ್ ಡೆಸ್ಪರಾಡೋಸ್ 2002ರಲ್ಲಿ ಬಂತು, ಮರುವರ್ಷ ಕೊಲರಾಡೊ ಕ್ರಶ್. 2003ರಲ್ಲಿ ಎನ್‌ಬಿಸಿ ಚಾನೆಲ್ ಪಂದ್ಯಗಳನ್ನು ತೋರಿಸಲು ಶುರು ಮಾಡಿತು. ಲೀಗ್‌ಗೆ ದೊಡ್ಡ ಊರು ಬೇಕಿತ್ತು, ಟಿವಿ ಮಾರುಕಟ್ಟೆ ಬೇಕಿತ್ತು. ಅತ್ತ ದೊಡ್ಡ ಊರಿನ ಅರೀನಾ ಮಾಲೀಕರಿಗೆ ಹಾಕಿ ಮುಗಿದ ಮೇಲೆ ಖಾಲಿ ಬೀಳುವ ಕಟ್ಟಡಕ್ಕೆ ಏನಾದರೂ ಬೇಕಿತ್ತು. ಫ್ರಾಂಚೈಸಿಗಳ ಬೆಲೆ ಏರಿತು. ಬೆಲೆ ಏರಿದಾಗ ಸಣ್ಣ ಊರಿನ ತಂಡಕ್ಕೆ ಒಂದು ಅಪಾಯ ಶುರುವಾಗುತ್ತದೆ: ಅದನ್ನು ನಡೆಸುವುದಕ್ಕಿಂತ ಮಾರುವುದೇ ಲಾಭ. ಇದನ್ನು ನಾನು ಬೇರೆ ಕಡೆಯೂ ಕಣ್ಣಾರೆ ನೋಡಿದ್ದೇನೆ. ಸೀಟು ತುಂಬಿದ್ದರೂ ತಂಡ ಹೋಗುತ್ತದೆ.

ಹೋದದ್ದು ಫ್ರಾಂಚೈಸಿ. ಬಾರ್ನ್‌ಸ್ಟಾರ್ಮರ್ಸ್ ಹೆಸರು ಲಾಂಗ್ ಐಲ್ಯಾಂಡ್‌ನಲ್ಲಿ ಯಾರಿಗೂ ಬೇಕಿರಲಿಲ್ಲ. ಅದು ಇಲ್ಲೇ ಉಳಿಯಿತು. 2001ರಲ್ಲಿ ಅದೇ ಹೆಸರಿನ ಹೊಸ ತಂಡ ಎಎಫ್‌2 ಎಂಬ ಕೆಳಹಂತದ ಲೀಗ್‌ನಲ್ಲಿ ಆಡಿತು. ಮಧ್ಯಮ ಊರುಗಳಿಗಾಗಿ 2000ದಲ್ಲಿ ಶುರುವಾಗಿದ್ದ ಲೀಗ್ ಅದು. ಒಂದೇ ಸೀಸನ್, ಅಷ್ಟಕ್ಕೆ ನಿಂತುಹೋಯಿತು. ಹಾಗಾಗಿ ಟೀಚರ್ ಕೇಳಿದ 2004ಕ್ಕೆ ಉತ್ತರ: ಡಿಮೊಯಿನ್‌ನಲ್ಲಿ ಬಾರ್ನ್‌ಸ್ಟಾರ್ಮರ್ಸ್ ಎಂಬ ತಂಡ ಇರಲಿಲ್ಲ. 2002ರಿಂದ 2007ರ ತನಕ ಆರು ವರ್ಷ ಖಾಲಿ. ಆ ಹೊತ್ತಿಗೆ ಹಳೆಯ ಫ್ರಾಂಚೈಸಿ ನ್ಯೂಯಾರ್ಕಿನಲ್ಲಿ ಆಡುತ್ತಿತ್ತು.

ಈ ಆರು ವರ್ಷವನ್ನು ಮಗ ಮುಚ್ಚಿಡಬಾರದು. ಒಳ್ಳೆಯ ಪ್ರಬಂಧಕ್ಕೆ ಇದೇ ಹೃದಯ.

2005ರಲ್ಲಿ ಊರಿಗೆ ಹೊಸ ಕಟ್ಟಡ ಬಂತು, ಆಗಿನ ಹೆಸರು ವೆಲ್ಸ್ ಫಾರ್ಗೊ ಅರೀನಾ. 2008ರಲ್ಲಿ ಅಲ್ಲಿ ಬಾರ್ನ್‌ಸ್ಟಾರ್ಮರ್ಸ್ ಮತ್ತೆ ಹುಟ್ಟಿತು, ಮತ್ತೆ ಎಎಫ್‌2ನಲ್ಲೇ. ಗಮನಿಸಿ, ಅದೇ 2008 ನ್ಯೂಯಾರ್ಕ್ ಡ್ರ್ಯಾಗನ್ಸ್‌ಗೆ ಕೊನೆಯ ಸೀಸನ್. ಆ ವರ್ಷದ ಡಿಸೆಂಬರ್‌ನಲ್ಲಿ ಎಎಫ್‌ಎಲ್ 2009ರ ಸೀಸನ್ ರದ್ದು ಮಾಡಿತು, ಮರುವರ್ಷ ದಿವಾಳಿಯಾಯಿತು. ಊರು ಬಿಟ್ಟು ಹೋದದ್ದು ಮುಳುಗಿತು, ಊರಲ್ಲಿ ಉಳಿದಿದ್ದ ಹೆಸರು ಅದೇ ಹೊತ್ತಿಗೆ ಎದ್ದು ನಿಂತಿತು.

ಇಲ್ಲಿ ಇನ್ನೊಂದು ತಪ್ಪು ತಿಳುವಳಿಕೆ ಇದೆ. 2010ರಲ್ಲಿ ಬಾರ್ನ್‌ಸ್ಟಾರ್ಮರ್ಸ್ ಎಎಫ್‌ಎಲ್‌ಗೆ "ಬಡ್ತಿ" ಪಡೆಯಿತು ಎನ್ನುತ್ತಾರೆ. ಅಮೆರಿಕದ ಈ ಲೀಗ್‌ಗಳಲ್ಲಿ ಗೆದ್ದು ಮೇಲೇರುವ ಪದ್ಧತಿ ಇಲ್ಲ. ಆದದ್ದು ಇಷ್ಟು: ಎಎಫ್‌2ನ ತಂಡಗಳು ಮತ್ತು ಇನ್ನು ಕೆಲವರು ಸೇರಿ ಹೊಸ ಲೀಗ್ ಮಾಡಿಕೊಂಡರು. ದಿವಾಳಿ ಹರಾಜಿನಲ್ಲಿ ಹಳೆಯ ಎಎಫ್‌ಎಲ್‌ನ ಆಸ್ತಿಯನ್ನೆಲ್ಲ, ಹೆಸರೂ ಸೇರಿ, ಸುಮಾರು 61 ಲಕ್ಷ ಡಾಲರ್‌ಗೆ ಕೊಂಡರು. ತಮ್ಮ ಲೀಗ್‌ಗೆ ಎಎಫ್‌ಎಲ್ ಎಂದೇ ಹೆಸರಿಟ್ಟುಕೊಂಡರು. ಅಂದರೆ ತಂಡ ಮಾತ್ರ ಅಲ್ಲ, ಲೀಗೇ ಸತ್ತು ಹಳೆಯ ಹೆಸರಲ್ಲಿ ಮತ್ತೆ ಹುಟ್ಟಿತು. ನಿಮ್ಮ ಆಫೀಸಿನವರು ಬಾರ್ನ್‌ಸ್ಟಾರ್ಮರ್ಸ್ ನಕಲಿ ಎಂದರೆ, 2010ರ ನಂತರದ ಎಎಫ್‌ಎಲ್ ಅನ್ನೂ ನಕಲಿ ಎನ್ನಬೇಕಾಗುತ್ತದೆ.

2014ರ ಸೀಸನ್ ಮುಗಿದ ಮೇಲೆ ಬಾರ್ನ್‌ಸ್ಟಾರ್ಮರ್ಸ್ ತಾನಾಗಿಯೇ ಎಎಫ್‌ಎಲ್ ಬಿಟ್ಟು ಇಂಡೋರ್ ಫುಟ್‌ಬಾಲ್ ಲೀಗ್, ಅಂದರೆ ಐಎಫ್‌ಎಲ್, ಸೇರಿತು. ಕೆಲವರಿಗೆ ಇದು ಇಳಿತ ಅನಿಸಿತು. ನನಗೆ ಅದು ಈ ತಂಡ ಮಾಡಿದ ಅತ್ಯಂತ ಜಾಣ ಕೆಲಸ. ಒಮ್ಮೆ ನಕ್ಷೆ ನೋಡಿ. ಎಎಫ್‌ಎಲ್‌ನಲ್ಲಿ ಎದುರಾಳಿಗಳು ಸ್ಪೋಕೇನ್, ಲಾಸ್ ಏಂಜಲಿಸ್, ಒರ್ಲ್ಯಾಂಡೊ, ಟ್ಯಾಂಪಾ, ಫಿಲಡೆಲ್ಫಿಯಾ ಊರುಗಳಲ್ಲಿದ್ದರು. ಎಲ್ಲಕ್ಕೂ ವಿಮಾನ. ಐಎಫ್‌ಎಲ್‌ನಲ್ಲಿ ಸೀಡರ್ ರ‍್ಯಾಪಿಡ್ಸ್, ಸೂ ಫಾಲ್ಸ್, ಗ್ರೀನ್ ಬೇ. ಬಸ್ಸಲ್ಲಿ ಹೋಗಿ ಬರಬಹುದು. ಸಣ್ಣ ತಂಡಕ್ಕೆ ವಿಮಾನ ಮತ್ತು ಬಸ್ಸಿನ ನಡುವಿನ ವ್ಯತ್ಯಾಸವೇ ಎಷ್ಟೋ ಸಲ ಸಾವು ಬದುಕಿನ ವ್ಯತ್ಯಾಸ. 2018ರಲ್ಲಿ ಸೂ ಫಾಲ್ಸ್ ಸ್ಟಾರ್ಮ್ ತಂಡವನ್ನು ಡಿಮೊಯಿನ್‌ನಲ್ಲೇ ಸೋಲಿಸಿ ಐಎಫ್‌ಎಲ್ ಫೈನಲ್ ಗೆದ್ದರು. ಅದೇ ಊರಿನಲ್ಲಿ ನಾಲ್ಕು ಅಂಕದಿಂದ ಸೋತು 22 ವರ್ಷವಾಗಿತ್ತು. ವಾರ್ನರ್ ಇದ್ದಾಗಲೂ ಬರದ ಪಟ್ಟ ಅಂದು ಬಂತು. ಬಿಟ್ಟುಬಂದ ಎಎಫ್‌ಎಲ್ 2019ರಲ್ಲಿ ಮತ್ತೆ ದಿವಾಳಿಯಾಗಿ ಬಾಗಿಲು ಹಾಕಿತು.

ಹಾಗಾದರೆ ಇದು ಒಂದೇ ತಂಡವಾ?

ನಿಮ್ಮ ಊರಿನ ಕಡೆಯ ಮೇಳಗಳನ್ನೇ ನೆನೆಸಿಕೊಳ್ಳಿ. ಮೇಳಕ್ಕೆ ದೇವಸ್ಥಾನದ ಹೆಸರು. ಯಜಮಾನರು ಬದಲಾಗುತ್ತಾರೆ. ಭಾಗವತರು ಬೇರೆ ಮೇಳಕ್ಕೆ ಹೋಗುತ್ತಾರೆ. ವೇಷಧಾರಿಗಳು ವರ್ಷಕ್ಕೊಂದು ಕಡೆ. ಆದರೂ ಹರಕೆ ಆಟ ಆಡಿಸುವವರಿಗೆ ಅದು ಅದೇ ಮೇಳ. ಬಾರ್ನ್‌ಸ್ಟಾರ್ಮರ್ಸ್ ಕೂಡ ಹೆಚ್ಚುಕಡಿಮೆ ಹಾಗೇ. ಒಂದು ವ್ಯತ್ಯಾಸ ಇದೆ, ಅದು ಸಣ್ಣದಲ್ಲ. ಮೇಳದ ಹಿಂದೆ ದೇವಸ್ಥಾನ ಇದೆ, ಅದು ಎಲ್ಲಿಗೂ ಹೋಗುವುದಿಲ್ಲ. ಈ ತಂಡಗಳ ಹಿಂದೆ ಅಂಥದ್ದೇನೂ ಇಲ್ಲ. ಕಟ್ಟಡ ಬಾಡಿಗೆಯದು, ಲೀಗ್ ಇಂದು ಇದ್ದು ನಾಳೆ ಇಲ್ಲದ್ದು. ನಿಂತ ಜಾಗದಲ್ಲೇ ನಿಂತದ್ದು ನೋಡುವ ಜನ ಮಾತ್ರ. ಆರು ವರ್ಷದ ನಂತರ ಹೊಸಬರು ತಂಡ ಕಟ್ಟಿದಾಗ ಬೇರೆ ಯಾವ ಹೆಸರನ್ನಾದರೂ ಇಡಬಹುದಿತ್ತು. ಇದೇ ಹೆಸರು ಇಟ್ಟದ್ದು ಊರಿಗೆ ಅದು ನೆನಪಿತ್ತು ಎಂಬ ಕಾರಣಕ್ಕೆ. ಕಾನೂನಿನ ಲೆಕ್ಕದಲ್ಲಿ ಈಗಿನದು 2008ರಲ್ಲಿ ಹುಟ್ಟಿದ ತಂಡ. ಊರಿನ ಲೆಕ್ಕದಲ್ಲಿ 1995ರದ್ದು.

ಪ್ರಬಂಧಕ್ಕೆ ನನ್ನ ಸಲಹೆ: "1995ರಿಂದ ಇಂದಿನವರೆಗೆ" ಎಂಬುದನ್ನು ತೆಗೆದು "1995-2000, 2001, ಮತ್ತು 2008ರಿಂದ" ಎಂದು ಬರೆಯಲಿ. ಎರಡು ಅಲ್ಪವಿರಾಮಗಳ ಹಿಂದೆ ಏನಿದೆ ಎಂದು ವಿವರಿಸಲಿ. ದಾಖಲೆ ಕೊಡುವಾಗ ಮಾತ್ರ ಎಚ್ಚರ ಬೇಕು. ಎಎಫ್‌ಎಲ್ ಕಾಲದ ಅಂಕಿಗಳನ್ನೂ ಐಎಫ್‌ಎಲ್ ಕಾಲದವನ್ನೂ ಒಂದೇ ಪಟ್ಟಿಗೆ ಸೇರಿಸಬಾರದು. ಬಲೆ ಇದ್ದ ಆಟ ಬೇರೆ, ಇಲ್ಲದ ಆಟ ಬೇರೆ.

ಇನ್ನು ಟಿಕೆಟ್. ನಿಮ್ಮ ಹೆದರಿಕೆಗೆ ಕಾರಣ ಇದೆ. ಇಂಥ ತಂಡಗಳಿಗೆ ದೊಡ್ಡ ಟಿವಿ ದುಡ್ಡು ಬರುವುದಿಲ್ಲ. ಟಿಕೆಟ್ ಮತ್ತು ಊರಿನ ಅಂಗಡಿ, ಬ್ಯಾಂಕು, ಕಾರು ಮಾರುವವರ ಜಾಹೀರಾತಿನಿಂದ ನಡೆಯಬೇಕು. ಊರಲ್ಲಿ ಆಡುವ ಪಂದ್ಯ ವರ್ಷಕ್ಕೆ ಏಳೋ ಎಂಟೋ. ಅಷ್ಟರಲ್ಲಿ ಅರೀನಾ ಬಾಡಿಗೆ, ಪ್ರಯಾಣ, ಆಟಗಾರರ ವಸತಿ, ಎಲ್ಲ ಹೊರಡಬೇಕು. ಹೊರಗಿನವರಿಗೆ ಕಾಣದ ದೊಡ್ಡ ಖರ್ಚು ಇನ್ನೊಂದಿದೆ: ಕೆಲಸದಲ್ಲಿ ಪೆಟ್ಟಾದವರಿಗೆ ಕೊಡಬೇಕಾದ ಪರಿಹಾರದ ವಿಮೆ. ಮೈಗೆ ಮೈ ಗುದ್ದುವ ಆಟ, ಪಕ್ಕದಲ್ಲೇ ಗೋಡೆ. ಪ್ರೀಮಿಯಂ ಜಾಸ್ತಿ ಇರುವುದು ಸಹಜ. 2019ರಲ್ಲಿ ಎಎಫ್‌ಎಲ್ ಮುಚ್ಚಿದಾಗಲೂ ಹಳೆಯ ವಿಮಾ ಕಂಪನಿ ಹಾಕಿದ ದೊಡ್ಡ ಮೊತ್ತದ ದಾವೆ ಅದರ ಕುತ್ತಿಗೆಗೆ ಬಿದ್ದಿತ್ತು. 2024ರಲ್ಲಿ ಅದೇ ಹೆಸರಲ್ಲಿ 16 ತಂಡಗಳೊಂದಿಗೆ ಲೀಗ್ ಇನ್ನೊಮ್ಮೆ ಎದ್ದಿತು. ಸೀಸನ್ ಮುಗಿಯುವಷ್ಟರಲ್ಲಿ ಸುಮಾರು ಅರ್ಧ ತಂಡಗಳು ಉಳಿದಿರಲಿಲ್ಲ.

ನಾನು ಕೆಲಸ ಮಾಡಿದ ಒಂದು ಊರಿನಲ್ಲಿ, ಮೊದಲ ಪಂದ್ಯಕ್ಕೆ ಎರಡು ವಾರ ಇರುವಾಗ ತಂಡ ಬಾಗಿಲು ಹಾಕಿತು. ಮರುದಿನ ಬೆಳಿಗ್ಗೆ ಟಿಕೆಟ್ ಕಿಟಕಿಯ ಮುಂದೆ ಒಬ್ಬ ಅಜ್ಜ ಮೊಮ್ಮಗಳ ಕೈ ಹಿಡಿದುಕೊಂಡು ನಿಂತಿದ್ದರು. ನಗದು ಕೊಟ್ಟಿದ್ದರು. ಅವರಿಗೆ ವಾಪಸ್ ಕೊಡಿಸಲು ನನ್ನಿಂದ ಆಗಲಿಲ್ಲ. ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಖಡಕ್ಕಾಗಿ ಹೇಳುತ್ತೇನೆ: ನಗದು, ಚೆಕ್ ಬೇಡ. ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ. ಪಂದ್ಯ ನಡೆಯದಿದ್ದರೆ ಬ್ಯಾಂಕಿಗೆ ದೂರು ಕೊಟ್ಟು ವಾಪಸ್ ಕೇಳುವ ದಾರಿ ಇರುತ್ತದೆ. ಕಂತು ಇದ್ದರೆ ಕಂತಿನಲ್ಲಿ ಕಟ್ಟಿ. ಕೊಳ್ಳುವ ಮುಂಚೆ ಮೂರು ವಿಷಯ ವಿಚಾರಿಸಿ. ಆ ವರ್ಷದ ವೇಳಾಪಟ್ಟಿ ಪ್ರಕಟವಾಗಿದೆಯೇ, ಅರೀನಾದ ಕ್ಯಾಲೆಂಡರಿನಲ್ಲೂ ಅದೇ ದಿನಾಂಕಗಳಿವೆಯೇ, ರದ್ದಾದರೆ ಹಣ ವಾಪಸ್ಸೋ ಅಥವಾ ಮುಂದಿನ ವರ್ಷಕ್ಕೆ ಜಮಾ ಮಾಡುತ್ತಾರೋ. ಕೊನೆಯದು ಮುಖ್ಯ. 2020ರಲ್ಲಿ ಕೋವಿಡ್‌ನಿಂದ ಐಎಫ್‌ಎಲ್ ಸೀಸನ್ ಪೂರ್ತಿ ಹೋಯಿತು ಎಂಬುದು ನೆನಪಿರಲಿ. ವೇಳಾಪಟ್ಟಿ ಒಂದು ಕಡೆ ಇದ್ದು ಅರೀನಾ ಕ್ಯಾಲೆಂಡರಿನಲ್ಲಿ ಇಲ್ಲದಿದ್ದರೆ ಕಾಯಿರಿ.

ನಾಲ್ಕು ಸೀಟು ಪೂರ್ತಿ ಸೀಸನ್‌ಗೆ ಭಾರ ಎನಿಸಿದರೆ, ಅಪ್ಪ ಮಗ ಇಬ್ಬರಿಗೆ ಮಾತ್ರ ಸೀಸನ್ ಟಿಕೆಟ್ ತೆಗೆದುಕೊಂಡು ಉಳಿದವರಿಗೆ ಬೇಕಾದಾಗ ಬಿಡಿ ಟಿಕೆಟ್ ಕೊಳ್ಳಬಹುದು. ಬಿಡಿ ಟಿಕೆಟ್‌ನಲ್ಲಿ ಕಳೆದುಕೊಳ್ಳುವ ಭಯ ಕಮ್ಮಿ, ಒಟ್ಟು ಲೆಕ್ಕಕ್ಕೆ ತುಸು ದುಬಾರಿ ಬೀಳಬಹುದು. ಆದರೆ ಎಲ್ಲರೂ ಬಿಡಿ ಟಿಕೆಟ್ ಎಂದು ಕೂತರೆ ಇಂಥ ತಂಡ ಬದುಕುವುದಿಲ್ಲ, ಇದನ್ನೂ ಹೇಳಲೇಬೇಕು. ಸೀಸನ್ ಶುರುವಾಗುವ ಮುಂಚೆ ಕೈಗೆ ಬರುವ ಆ ದುಡ್ಡಿನಲ್ಲೇ ಬಸ್ಸು, ವಿಮೆ ಎಲ್ಲ ನಡೆಯಬೇಕು. ನಿಮಗೆ ಕಷ್ಟವಾಗದಿದ್ದರೆ ಎರಡು ಸೀಟು ತೆಗೆದುಕೊಳ್ಳಿ ಎಂದೇ ನಾನು ಹೇಳುವುದು.

ಕಡೆಗೆ ಮಗನ ಆಸೆ. ದಾರಿ ಇದೆ, ಇಲ್ಲ ಎನ್ನಬೇಡಿ. ವಾರ್ನರ್ ಒಬ್ಬನೇ ಅಲ್ಲ. ಫ್ರೆಡ್ ಜ್ಯಾಕ್ಸನ್ ನಿಮ್ಮ ಅಯೋವಾದ್ದೇ ಸೂ ಸಿಟಿ ಬ್ಯಾಂಡಿಟ್ಸ್ ಒಳಾಂಗಣ ತಂಡದಲ್ಲಿ ಆಡಿ, ಆಮೇಲೆ ಎನ್‌ಎಫ್‌ಎಲ್‌ನ ಬಫಲೊ ಬಿಲ್ಸ್‌ನಲ್ಲಿ ವರ್ಷಗಟ್ಟಲೆ ಓಡಿದ. ಅವನೂ ಸೀಡರ್ ರ‍್ಯಾಪಿಡ್ಸ್‌ನ ಕೋ ಕಾಲೇಜಿನಲ್ಲಿ ಓದಿದವನು. ಇಬ್ಬರ ಕಥೆಯಲ್ಲೂ ಕಾಲೇಜು ಮೊದಲು, ಒಳಾಂಗಣ ಆಮೇಲೆ. ಇದು ಆಕಸ್ಮಿಕ ಅಲ್ಲ. ಈ ತಂಡಗಳು ಹೆಚ್ಚಾಗಿ ಕಾಲೇಜಿನಲ್ಲಿ ಆಡಿ ಮುಗಿಸಿದವರನ್ನೇ ನೋಡುತ್ತವೆ. ಶಾಲೆಯಿಂದ ನೇರವಾಗಿ ಬರುವ ಹುಡುಗನಿಗೆ ಮೈಕಟ್ಟೂ ಸಾಲದು, ತೋರಿಸಲು ಆಟದ ವಿಡಿಯೊವೂ ಇರುವುದಿಲ್ಲ. ಕಾಲೇಜು ಬಿಟ್ಟರೆ ಅವನು ಈ ದಾರಿಯನ್ನೇ ಮುಚ್ಚಿಕೊಂಡ ಹಾಗೆ.

ಸಂಬಳದ ವಿಷಯವನ್ನೂ ಮರೆಮಾಚಬೇಡಿ. 2010ರಲ್ಲಿ ಎಎಫ್‌ಎಲ್ ಮತ್ತೆ ಶುರುವಾದಾಗ ಆಟಗಾರನಿಗೆ ಪಂದ್ಯಕ್ಕೆ 400 ಡಾಲರ್. ಅದು ಒಳಾಂಗಣದ ಅತಿ ದೊಡ್ಡ ಲೀಗ್‌ನಲ್ಲಿ! ಈ ಹುಡುಗರಲ್ಲಿ ಅನೇಕರು ಸೀಸನ್ ಇಲ್ಲದಾಗ ಜಿಮ್‌ನಲ್ಲಿ, ಶಾಲೆಯಲ್ಲಿ, ಗೋದಾಮಿನಲ್ಲಿ ದುಡಿಯುತ್ತಾರೆ. ನಾನು ಸಂಬಳದ ಚೆಕ್ ಕೈಗೆ ಕೊಟ್ಟ ಹುಡುಗರಲ್ಲಿ ದುಡ್ಡಿಗಾಗಿ ಆಡಿದವನನ್ನು ಒಬ್ಬನನ್ನೂ ನೋಡಿಲ್ಲ. ಮಂಡಿ, ಭುಜ, ತಲೆಗೆ ಬೀಳುವ ಪೆಟ್ಟು ಮಾತ್ರ ದೊಡ್ಡ ಲೀಗ್‌ನಷ್ಟೇ ನಿಜ. ಮಗ ಈಗ ಶಾಲಾ ತಂಡದಲ್ಲಿ ಆಡುತ್ತಿದ್ದರೆ, ತಲೆಗೆ ಪೆಟ್ಟು ಬಿದ್ದಾಗ ಶಾಲೆಯಲ್ಲಿ ಯಾವ ಕ್ರಮ ತೆಗೆದುಕೊಳ್ಳುತ್ತಾರೆ ಎಂದು ಕೋಚ್ ಹತ್ತಿರ ನೀವೇ ಹೋಗಿ ಕೇಳಿ. ಅಪ್ಪ ಕೇಳುತ್ತಾರೆ ಎಂದು ಗೊತ್ತಾದರೆ ಕೋಚ್ ಕೂಡ ಹುಷಾರಾಗಿರುತ್ತಾರೆ.

ಅವನಿಗೆ ಖುಷಿ ಕೊಡುವ ಒಂದು ಸಂಗತಿ ಹೇಳಿ. 2011ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಎಂದು ಭಾರತದಲ್ಲೂ ಅಮೆರಿಕನ್ ಫುಟ್‌ಬಾಲ್ ಶುರು ಮಾಡುವ ಪ್ರಯತ್ನ ನಡೆಯಿತು. ಹೊರಾಂಗಣದ್ದೇ, ಅರೀನಾದ್ದಲ್ಲ. ಅದರಲ್ಲಿ ಬೆಂಗಳೂರಿನ ತಂಡವೂ ಇತ್ತು, ವಾರ್‌ಹಾಕ್ಸ್ ಅಂತ. ಆ ಲೀಗ್‌ಗೆ ಬೆನ್ನಿಗೆ ನಿಂತ ಅಮೆರಿಕನ್ನರ ಪಟ್ಟಿಯಲ್ಲಿ ಕರ್ಟ್ ವಾರ್ನರ್ ಹೆಸರೂ ಇತ್ತು. ಬಾರ್ನ್‌ಸ್ಟಾರ್ಮರ್ಸ್‌ನಿಂದ ಬೆಂಗಳೂರಿನ ತನಕ ಒಂದು ಸಣ್ಣ ಎಳೆ. ಪ್ರಬಂಧದಲ್ಲಿ ಅದಕ್ಕೆ ಎರಡು ಸಾಲು ಕೊಡಬಹುದು. ಇಂಥದ್ದನ್ನು ಅವನ ತರಗತಿಯಲ್ಲಿ ಬೇರೆ ಯಾರೂ ಬರೆದಿರಲಿಕ್ಕಿಲ್ಲ.

ಒಂದು ಕೆಲಸ ಮಾಡಿ. ಮುಂದಿನ ಶನಿವಾರ ಅವನನ್ನು ಹಳೆಯ ವೆಟ್ಸ್ ಕಟ್ಟಡದ ಹತ್ತಿರ ಕರೆದುಕೊಂಡು ಹೋಗಿ. ಒಳಗೆಲ್ಲ ಬದಲಾಯಿಸಿ ಈಗ ಸಮ್ಮೇಳನ ಕೇಂದ್ರ ಮಾಡಿದ್ದಾರೆ. 2005ರ ಅರೀನಾ ಅದರ ಪಕ್ಕದಲ್ಲೇ ಇದೆ. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಲು ಕೆಲವೇ ನಿಮಿಷ ಸಾಕು. ಅಲ್ಲಿ 1996ರ ಆಟ ನೋಡಿದವರು ಯಾರಾದರೂ ಸಿಕ್ಕರೆ, ಮಧ್ಯದ ಆರು ವರ್ಷ ಏನು ಮಾಡಿದಿರಿ ಎಂದು ಮಗನೇ ಕೇಳಲಿ. ಟೀಚರ್ ಪ್ರಶ್ನೆಗೆ ಅವರು ಹೇಳುವುದನ್ನೇ ಬರೆದುಕೊಂಡು ಹೋಗಲಿ.